ಕೆನ್ನೆಯ ಮೇಲೊಂದು ಕಿವಿ

“ಕೆನ್ನೆ ಮೇಲೆ ಕಿವಿ ಬಂದಿದೆ ಕಣೇ!”

“ಯಾರ ಕೆನ್ನೆ ಮೇಲೆ?”

“ಇನ್ಯಾರ್ದು, ಸ್ನೂಕ್‌ದು! ಅಲ್ಲೇ ನಿಂತು ಆಕಳಿಸ್ಬೇಡ, ಕೆಳಗೆ ಬಾ. ನಿಂದು ಎಳೇ ಕಣ್ಣು, ನೋಡಿ ಹೇಳು. ಕಾಣ್ಲಿಲ್ಲ ಅಂದ್ರೆ ನಂಗೇ ತಲೆ ಕೆಟ್ಟಿದೆ ಅಂತ ತಿಳ್ಕೋತೀನಿ.”

ಶುಕ್ರವಾರ, ಬೆಳಗಿನ ಆರು ಗಂಟೆಯೂ ಆಗಿಲ್ಲ. ಆಂಟ್ವರ್ಪಿನ ಸಿಂತ್-ಆಂದ್ರೀಸ್ ಕೇರಿಯ ಈ ಇಕ್ಕಟ್ಟು ಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿರುವವರು ಗೋಡೆಲೀವ್ ವೆರ್ಸ್ಟ್ರೇಪನ್. ಮೊಣಕೈವರೆಗೆ ಕಪ್ಪು ಮಸಿ, ಮೂಗಿನ ತುದಿಯಲ್ಲಿ ಬಿಳಿ ಸೀಮೆಸುಣ್ಣ. ಅವರು ಹೇಳುತ್ತಿರುವ ಲಂಬ್ರೆಖ್ಟ್ ಸ್ನೂಕ್ ಸಾಹೇಬರು ತೀರಿಕೊಂಡು ಮುನ್ನೂರೈವತ್ತು ವರ್ಷವಾದರೂ ಆಗಿರಬೇಕು. ಅಂಥವರಿಗೆ ಇವತ್ತು ಬೆಳಿಗ್ಗೆ ಹೊಸ ಕಿವಿ ಹುಟ್ಟಿದೆ ಎಂದರೆ, ಮಹಡಿಯ ಬಾಡಿಗೆದಾರಳಾದ ನಾನು ಹಲ್ಲುಜ್ಜದೆಯೂ ಇಳಿದು ಬರಬೇಕಾಗುತ್ತದೆ.

ಕೆಳಗಿನದು ಅಚ್ಚಿನ ಮನೆ. ನಡುವೆ ಹಡಗಿನ ಚುಕ್ಕಾಣಿಯಂಥ ಚಕ್ರವಿರುವ ಮುದ್ರಣ ಯಂತ್ರ, ಪಕ್ಕದಲ್ಲಿ ತಾಮ್ರದ ತಗಡನ್ನು ಬೆಚ್ಚಗಿಡುವ ಕಬ್ಬಿಣದ ಒಲೆ, ತಲೆಯ ಮೇಲೆ ಒಗೆದ ಬಟ್ಟೆ ಹಾಕುವ ಹಾಗೆ ಕಟ್ಟಿದ ಹಗ್ಗಗಳು. ಇವತ್ತಿನ ಮೊದಲ ಪ್ರತಿ ಅಲ್ಲಿ ಒಂಟಿಯಾಗಿ ತೂಗುತ್ತಿದೆ. ಗೋಡೆಲೀವ್ ಅದನ್ನು ಬೆರಳಲ್ಲಿ ತೋರಿಸುವುದಿಲ್ಲ, ಗದ್ದ ಎತ್ತಿ ತೋರಿಸುತ್ತಾರೆ. ಮಸಿಗೈಯವರ ಅಭ್ಯಾಸ.

ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಸ್ನೂಕ್ ಎಂದಿನಂತೆ ಕೂತಿದ್ದಾರೆ. ಭುಜದ ಮೇಲೆ ಇಳಿದ ಗುಂಗುರು ಕೂದಲು, ದಾರ ದಾರವನ್ನೂ ಎಣಿಸಬಹುದಾದ ಕಸೂತಿಯ ಕೊರಳಪಟ್ಟಿ, ಒಂದು ಕೈಗೆ ಮಾತ್ರ ಕೈಗವಸು, ಯಾವುದೂ ಸರಿಯಿಲ್ಲ ಎನ್ನುವಂಥ ತುಟಿ. ಇಡೀ ಚಿತ್ರದಲ್ಲಿ ಬೂದು ಬಣ್ಣವೇ ಇಲ್ಲ, ಇರುವುದೆಲ್ಲ ಕರಿ ಗೆರೆ. ಒಂದು ಗೆರೆ ಕೂದಲೆಳೆಯಂತೆ ಹುಟ್ಟಿ, ಗದ್ದದ ನೆರಳಿಗೆ ಬಂದಾಗ ಕೊಬ್ಬಿ, ಬೆಳಕಿನ ಕಡೆ ಹೊರಳಿದಾಗ ಚುಕ್ಕೆ ಚುಕ್ಕೆಯಾಗಿ ಕರಗುತ್ತದೆ. ಹತ್ತಿರ ಹೋದರೆ ಉಳಿಯ ಗೀರು, ಎರಡು ಹೆಜ್ಜೆ ಹಿಂದೆ ಬಂದರೆ ಉಸಿರಾಡುವ ಮನುಷ್ಯ. ಆ ಮನುಷ್ಯನ ಕೆನ್ನೆಯ ಮಧ್ಯದಲ್ಲಿ, ಮಂಜು ಹಿಡಿದ ಕಿಟಕಿಯ ಮೇಲೆ ಬೆರಳಾಡಿಸಿದಷ್ಟು ತೆಳ್ಳಗೆ, ಒಂದು ಕಿವಿ!

ಕಿವಿಯೇ. ಅನುಮಾನವಿಲ್ಲ. ಸುರುಳಿ ಇದೆ, ಹಾಲೆ ಇದೆ. ಹಾಲೆಯಿಂದ ಒಂದು ಮುತ್ತು ಬೇರೆ ತೂಗುತ್ತಿದೆ.

“ಕಾಣ್ತಾ?”

“ಕಾಣ್ತು.”

“ಲೋಲಾಕೂ ಕಾಣ್ತಾ?”

“ಅದೂ ಕಾಣ್ತು.”

“ಅಯ್ಯೋ ದೇವ್ರೇ,” ಎಂದು ಗೋಡೆಲೀವ್ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಕಾಣಲಿಲ್ಲ ಎಂದಿದ್ದರೇ ಅವರಿಗೆ ನೆಮ್ಮದಿಯಾಗುತ್ತಿತ್ತೋ ಏನೋ.

ಒಂದೇ ಪ್ರತಿಯನ್ನು ನಂಬಬಾರದು ಎಂದು ಅವರು ಮತ್ತೆ ಏಳುತ್ತಾರೆ. ಬಿಸಿ ತಗಡಿಗೆ ಮಸಿ ಮೆತ್ತುತ್ತಾರೆ. ಸ್ನೂಕ್ ಪೂರ್ತಿ ಮುಳುಗಿ ಹೋಗುತ್ತಾರೆ. ಗಂಜಿ ಹಾಕಿದ ಜಾಲರಿ ಬಟ್ಟೆಯಲ್ಲಿ ದುಂಡಗೆ ಒರೆಸಿದಾಗ ಮಸುಕಾಗಿ ಮೇಲೆ ಬರುತ್ತಾರೆ. ಆಮೇಲಿನದು ಬರಿಗೈ ಕೆಲಸ. ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಹಣೆ, ಮೂಗು, ಕೊರಳಪಟ್ಟಿಗಳ ಮೇಲೆ ಚಕಚಕನೆ ಜಾರಿಸುತ್ತಾರೆ. ಮೇಲ್ಮೈ ಮಸಿ ಕೈಗೆ ಬರಬೇಕು, ಗೆರೆಯೊಳಗಿನದು ಗೆರೆಯಲ್ಲೇ ಉಳಿಯಬೇಕು. ರಾತ್ರಿಯೇ ನೆನೆಸಿ ಒತ್ತಿಟ್ಟ ಕಾಗದ, ಅದರ ಮೇಲೆ ಕಂಬಳಿ, ಆಮೇಲೆ ಚಕ್ರ. ಕಂಬಳಿ ಸರಿಸಿ ಕಾಗದವನ್ನು ಮೂಲೆಯಿಂದ ಎತ್ತುವಾಗ ಇಬ್ಬರೂ ಒಟ್ಟಿಗೆ ಬಗ್ಗುತ್ತೇವೆ.

ಕಿವಿ ಹಾಗೇ ಇದೆ.

ಅಷ್ಟರಲ್ಲಿ ಒಣದ್ರಾಕ್ಷಿ ಬನ್ನುಗಳ ಪೊಟ್ಟಣ ಹಿಡಿದು ಸ್ಟಾಫ್ ಬರುತ್ತಾರೆ. ಗೋಡೆಲೀವ್ ಅವರ ಅಕ್ಕನ ಗಂಡ, ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರಾದವರು. ಮನೆಯಲ್ಲಿ ಕೂತರೆ ಹೆಂಡತಿ ಬೈಯುತ್ತಾಳೆಂದು ಇಲ್ಲಿ ಬಂದು ಚಕ್ರ ತಿರುಗಿಸುತ್ತಾರೆ.

“ಏನ್ ಲೀವ, ಮುಖ ಯಾಕೆ ಹುಳಿ ಉಪ್ಪಿನಕಾಯಿ ಆಗಿದೆ?”

“ಮಾತಾಡ್ಬೇಡ. ಮೊದ್ಲು ನೋಡು.”

ಸ್ಟಾಫ್ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ಬನ್ನು ಕಚ್ಚುತ್ತ ನೋಡುತ್ತಾರೆ. “ಗೀರು. ನಿನ್ನ ಉಂಗುರದ್ದು.”

“ಯಾವ ಉಂಗುರಾನೋ? ನಿಮ್ಮಂಥೋರ್ನ ಕಟ್ಕೊಂಡು ಅಕ್ಕ ಪಡೋ ಪಾಡು ನೋಡಿ ಉಂಗುರದ ಸಹವಾಸಕ್ಕೇ ನಾನು ಹೋಗ್ಲಿಲ್ಲ.”

“ಹಾಗಾದ್ರೆ ಉಗುರು.”

“ಲೋಲಾಕು ಹಾಕ್ಕೊಂಡಿರೋ ಗೀರು ಎಲ್ಲಾದ್ರೂ ನೋಡಿದ್ಯಾ?”

ಸ್ಟಾಫ್ ತಗಡಿನ ಹತ್ತಿರ ಹೋಗಿ ಬಗ್ಗುತ್ತಾರೆ. “ಇಲ್ಲಿ ಬಲಗಡೆ ಏನೂ ಇಲ್ವಲ್ಲ?”

“ಎಡಗಡೆ ನೋಡೋ. ತಾಮ್ರದಲ್ಲಿ ಎಲ್ಲಾ ತಿರುವುಮುರುವು. ಹತ್ತು ವರ್ಷದಿಂದ ಚಕ್ರ ತಿರುಗಿಸ್ತೀಯ, ಇನ್ನೂ ಗೊತ್ತಾಗ್ಲಿಲ್ಲ.”

“ನಂಗೆ ಚಕ್ರ ಯಾವ ಕಡೆ ತಿರುಗ್ಬೇಕು ಅಂತ ಗೊತ್ತಿದ್ರೆ ಸಾಕು.”

ಕೊನೆಗೆ ನಾನು ತಗಡಿನ ಫೋಟೋ ತೆಗೆದು, ಫೋನಿನಲ್ಲಿ ಎಡಬಲ ತಿರುಗಿಸಿ ಹಿಗ್ಗಿಸುತ್ತೇನೆ. ಮೂವರ ತಲೆಗಳೂ ಪರದೆಯ ಮೇಲೆ ಡಿಕ್ಕಿ ಹೊಡೆಯುತ್ತವೆ. ತಾಮ್ರದ ಮೇಲೆ ಕಿವಿ ಕಣ್ಣಿಗೆ ಕಾಣುವುದೇ ಕಷ್ಟ. ಕೂದಲಿನಷ್ಟು ಸಣ್ಣ ಗೆರೆಗಳು, ಅರ್ಧಂಬರ್ಧ. ಮಸಿ ತುಂಬಿದಾಗ ಮಾತ್ರ ಎದ್ದು ಬರುತ್ತದೆ. ಎಲ್ಲಿಂದ ಬಂತು? ಮೂವರಿಗೂ ಗೊತ್ತಿಲ್ಲ. ಸ್ಟಾಫ್ ಎರಡನೇ ಬನ್ನು ತೆಗೆಯುತ್ತಾರೆ.

ಗೋಡೆಲೀವ್ ಈ ಕೆಲಸಕ್ಕೆ ಬಂದದ್ದು ಇನ್ನೊಂದು ಕೆಲಸ ಕಳೆದುಕೊಂಡದ್ದರಿಂದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಚಾಕೊಲೇಟ್ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದರು. ಕೈ ಬಿಸಿ. ಮುಟ್ಟಿದ್ದೆಲ್ಲ ಕರಗಿ, ಪ್ರತಿ ಚಾಕೊಲೇಟಿನ ಮೇಲೂ ಹೆಬ್ಬೆಟ್ಟಿನ ಗುರುತು. ಮೂರು ವಾರಕ್ಕೆ ಕಳಿಸಿದರು. ಅಳುತ್ತ ಮನೆಗೆ ಹೋಗುವ ದಾರಿಯಲ್ಲಿ ಈ ಅಚ್ಚಿನ ಮನೆಯ ಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ಒಡತಿ ಮದಾಮ್ ಒಡೀಲ್, ಯಾಕೆ ಅಳುತ್ತೀಯ ಎಂದು ಕೇಳಿ, ಕಾರಣ ತಿಳಿದು, ಅವರ ಅಂಗೈಯನ್ನು ತಮ್ಮ ಅಂಗೈಗೆ ಉಜ್ಜಿ ನೋಡಿದರಂತೆ. “ಬಿಸಿ ಇದೆ, ಬೆವರಿಲ್ಲ. ಒಳಗೆ ಬಾ” ಎಂದರಂತೆ.

“ಅಷ್ಟೇ ನೋಡು ನನ್ನ ಸಂದರ್ಶನ,” ಎನ್ನುತ್ತಾರೆ ಗೋಡೆಲೀವ್. “ಓದಿದ್ದೀಯಾ, ಚಿತ್ರ ಬರ್ಯಕ್ಕೆ ಬರತ್ತಾ, ಏನೂ ಕೇಳ್ಲಿಲ್ಲ. ನಂಗೆ ಇವತ್ತಿಗೂ ಒಂದು ಬೆಕ್ಕು ಬರ್ಯಕ್ಕೆ ಬರಲ್ಲ.”

ಒಂದು ಕಾಲದಲ್ಲಿ ಇಲ್ಲಿ ಆರು ಜನ ಇದ್ದರು. ಮದುವೆ ಕಾಗದ, ವೈನ್ ಬಾಟಲಿಯ ಚೀಟಿ, ವಕೀಲರ ಭೇಟಿಚೀಟಿ, ಕಲಾವಿದರ ಕೆಲಸ, ಎಲ್ಲ ಈ ಯಂತ್ರದಲ್ಲೇ. ಈಗ ಅವರೊಬ್ಬರೇ. ಕೈ ಚೆನ್ನಾಗಿದ್ದ ದಿನ ಸ್ನೂಕ್‌ನಂಥ ತಗಡಿನಿಂದ ಎಂಟು ಪ್ರತಿ ತೆಗೆಯುತ್ತಾರೆ. ಚಳಿಗಾಲದಲ್ಲಿ ಮಣಿಕಟ್ಟು ಹಿಡಿದುಕೊಂಡರೆ ಐದು. ಒರೆಸಿ ಒರೆಸಿ ಅಂಗೈ ಎಷ್ಟು ನುಣುಪಾಗಿದೆ ಎಂದರೆ ಫೋನು ಅವರ ಬೆರಳಚ್ಚನ್ನು ಗುರುತಿಸುವುದಿಲ್ಲ. “ಯಾರೋ ಬೇರೆಯೋರು ಅನ್ಕೊಳತ್ತೆ” ಎಂದು ನಗುತ್ತಾರೆ. ಹಳೆಯ ಅಚ್ಚುಗಳ ಅಡಿಯಲ್ಲಿ ಚಿತ್ರ ಬರೆದವನ ಹೆಸರು, ತಾಮ್ರ ಕೆತ್ತಿದವನ ಹೆಸರು, ಅಂಗಡಿಯಲ್ಲಿ ಮಾರಿದವನ ಹೆಸರು ಇರುತ್ತವೆ. ಒರೆಸಿ ಒತ್ತಿದವರ ಹೆಸರು ಇರುವುದಿಲ್ಲ. ಬೇಜಾರಾಗುವುದಿಲ್ಲವೇ ಎಂದರೆ, “ಒರೆಸೋಳು ನಾನು. ಹೆಸರಿದ್ರೂ ಒರೆಸಿ ಹಾಕಿರ್ತಿದ್ದೆ” ಎನ್ನುತ್ತಾರೆ.

ಈ ಯಂತ್ರ ಇನ್ನೂ ತಿರುಗುತ್ತಿರುವುದು ಸ್ನೂಕ್ ಅವರ ದಯೆಯಿಂದ. ಎರಡು ಬೀದಿ ಆಚೆ ಅವರು ಕಟ್ಟಿಸಿಟ್ಟ ಸ್ನೂಕ್ ಅಂಗಳವಿದೆ: ಒಂದು ನೀರಿನ ಪಂಪು, ಸುತ್ತ ಹನ್ನೆರಡು ಪುಟ್ಟ ಮನೆ, ದುಡಿದು ದಣಿದ ಒಂಟಿ ಹೆಂಗಸರಿಗೆ. ಯಾರಿಗಾದರೂ ಅಲ್ಲಿ ಮನೆ ಸಿಕ್ಕರೆ ಬೀಗದ ಕೈಯ ಜೊತೆಗೆ ಸ್ನೂಕ್ ಅವರ ಹೊಸ ಅಚ್ಚೊಂದನ್ನು ಕೊಡಬೇಕು, ಆಕೆ ಅದನ್ನು ತನ್ನ ಕೈಯಾರೆ ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಬೇಕು. ಇದು ಸ್ನೂಕ್ ಕಾಲದಿಂದ ನಡೆದು ಬಂದದ್ದು. ಅಂಗಳದ ಹಳಬರಿಗೆ, ದತ್ತಿಗೆ ಹಣ ಕೊಡುವವರಿಗೆ ವರ್ಷಕ್ಕೊಮ್ಮೆ ಹಂಚುವುದೂ ಇದೆ. ಈ ಒಂದು ತಗಡಿನ ಕೆಲಸ ನಿಂತರೆ ಅಚ್ಚಿನ ಮನೆಯ ಬಾಗಿಲು ತೆರೆದಿಡುವುದಕ್ಕೆ ಬೇರೆ ಕಾರಣ ಉಳಿಯುವುದಿಲ್ಲ.

ಇಲ್ಲೇ ಸಿಕ್ಕು. ತಾಮ್ರ ಮೆತ್ತಗಿನ ಲೋಹ, ಒರೆಸಿದಷ್ಟೂ ಸವೆಯುತ್ತದೆ. ಅದಕ್ಕೇ ಹಿಂದಿನವರು ಯಾವಾಗಲೋ ಅದರ ಮೇಲೆ ಕಬ್ಬಿಣದ ತೆಳು ಲೇಪ ಹಾಕಿಸಿದ್ದರು. ಕಳೆದ ತಿಂಗಳು ಗೋಡೆಲೀವ್ ನೋಡುತ್ತಾರೆ, ಸ್ನೂಕ್ ಅವರ ಮೂಗಿನ ತುದಿ ಕೆಂಪಗಾಗಿದೆ. ಲೇಪ ಸವೆದು ತಾಮ್ರ ಇಣುಕುತ್ತಿದೆ. ದತ್ತಿಯ ಟ್ರಸ್ಟಿಗಳು “ನಾವು ತೀರ್ಮಾನ ಮಾಡೋವರೆಗೂ ತಗಡು ಮುಟ್ಟಬೇಡಿ” ಎಂದಿದ್ದರು. ಅವರಲ್ಲಿ ಕೆಲವರಿಗೆ ತಗಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅಚ್ಚುಗಳನ್ನು ಕಂಪ್ಯೂಟರಿನಿಂದ ತೆಗೆಸುವ ಆಸೆ. ಆದರೆ ಭಾನುವಾರ ಹೊಸಬರೊಬ್ಬರು ಬರುವವರಿದ್ದಾರೆ, ಅಚ್ಚು ಬೇಕು, ಮೂಗು ಹೋಗುತ್ತಿದೆ. ಗೋಡೆಲೀವ್ ಯಾರನ್ನೂ ಕೇಳದೆ ಹಳೆಯ ಲೇಪ ತೆಗೆಸಿಬಿಟ್ಟರು. ಹೊಸದು ಹಾಕಿಸುವ ಮೊದಲು ಬರಿ ತಾಮ್ರದಿಂದ ಒಂದು ಪ್ರತಿ ತೆಗೆದು ನೋಡೋಣ ಎಂದು ಇವತ್ತು ಬೆಳಿಗ್ಗೆ ಕೂತರು.

“ಮೂಗು ಉಳಿಸಕ್ಕೆ ಹೋಗಿ ಕಿವಿ ತಂದ್ಕೊಂಡೆ,” ಎನ್ನುತ್ತಾರೆ. ನಗು ಬರುವ ಮಾತು, ಆದರೆ ಅವರು ನಗುತ್ತಿಲ್ಲ. “ಲೇಪ ತೆಗೆಯೋವಾಗ ಆಸಿಡ್ ತಿಂದಿರ್ಬಹುದು. ಇಲ್ಲಾ ನಾನೇ ಒರೆಸಿ ಒರೆಸಿ ಏನೋ ಮಾಡಿರ್ಬಹುದು. ನಂಗೇನು ಗೊತ್ತು?”

ಎಂಟು ಗಂಟೆಗೆ ಟ್ರಸ್ಟಿಗಳ ಪೈಕಿ ಹಿರಿಯರಾದ ಮೆನೀರ್ ಕಾಸಿಯರ್ಸ್ ಬರುತ್ತಾರೆ. ಗೋಡೆಲೀವ್ ಅವರೇ ಫೋನು ಮಾಡಿ ಕರೆಸಿದ್ದು. ಮುಚ್ಚಿಡುವ ಜಾತಿ ಅವರಲ್ಲ. ಮೆನೀರ್ ಎಂದರೆ ಇಲ್ಲಿನ ಮಾತಲ್ಲಿ ಸಾಹೇಬರು. ವೃತ್ತಿಯಲ್ಲಿ ನೋಟರಿ. ಮೆದು ಮಾತು, ಇನ್ನೂ ಮೆದು ಕೈ. ಹತ್ತಿರ ಬಂದರೆ ಕೈಗೆ ಹಚ್ಚಿದ ಲ್ಯಾವೆಂಡರ್ ಕ್ರೀಮಿನ ವಾಸನೆ. ಕೈಕುಲುಕಲು ಚಾಚಿದವರಿಗೆ ಗೋಡೆಲೀವ್ ಮೊಣಕೈ ಕೊಡುತ್ತಾರೆ.

ಮೆನೀರ್ ಅಚ್ಚನ್ನು ತುಂಬ ಹೊತ್ತು ನೋಡುತ್ತಾರೆ. “ಇದು ಕಿವಿ.”

“ಹೌದು ಮೆನೀರ್.”

“ಮೊದಲು ಇರಲಿಲ್ಲ.”

“ನಾನು ನೋಡಿದ ಹಾಗೆ ಇರ್ಲಿಲ್ಲ.”

“ಲೇಪ ತೆಗೆಸಬೇಡಿ ಅಂತ ಹೇಳಿದ್ದೆವು, ಮದಾಮ್.”

“ಹೇಳಿದ್ರಿ.”

ಸ್ಟಾಫ್ ವಾತಾವರಣ ತಿಳಿ ಮಾಡಲು, “ಮೂರು ಕಿವಿ ಇದ್ರೆ ಬಡವರ ಗೋಳು ಚೆನ್ನಾಗಿ ಕೇಳ್ಸತ್ತೆ ಬಿಡಿ” ಎನ್ನುತ್ತಾರೆ.

“ಇದನ್ನ ಉಜ್ಜಿ ತೆಗೆಯೋಕೆ ಆಗತ್ತಾ?” ಮೆನೀರ್ ಕೇಳುತ್ತಾರೆ.

“ಆಗತ್ತೆ. ಉಕ್ಕಿನ ಉಜ್ಜುಗೋಲು ಇದೆ. ಹತ್ತು ನಿಮಿಷದ ಕೆಲಸ.”

“ಮತ್ತೇನು?”

“ಕಿವಿ ಜೊತೆ ಕೆನ್ನೇನೂ ಹೋಗತ್ತೆ, ಮೆನೀರ್. ಆ ಚುಕ್ಕೆಗಳನ್ನ ವಾಪಸ್ ಕೆತ್ತೋರು ಈಗ ಯಾರಿದ್ದಾರೆ? ಕೆನ್ನೆ ಇರೋ ಜಾಗ ಬೋಳಾಗತ್ತೆ.”

ಮೆನೀರ್ ಹಣೆ ಒತ್ತಿಕೊಳ್ಳುತ್ತಾರೆ. ಅವರು ಕೆಟ್ಟವರಲ್ಲ, ಅವರಿಗೂ ಮೇಲೆ ಕೆಳಗೆ ಉತ್ತರ ಹೇಳಬೇಕು. ಸಂಸ್ಥಾಪಕರ ಕೆನ್ನೆಯ ಮೇಲೆ ಲೋಲಾಕು ತೊಟ್ಟ ಕಿವಿ ಇಟ್ಟು ಹಂಚಿದರೆ ಮಿಕ್ಕ ಟ್ರಸ್ಟಿಗಳು ಸುಮ್ಮನಿರುವುದಿಲ್ಲ. ಇವತ್ತು ಸಂಜೆಗೆ ಫೋನು ಮಾಡುತ್ತೇನೆ, ಎನ್ನುತ್ತಾರೆ. ಕಿವಿಯನ್ನು ಉಜ್ಜುವುದಾದರೆ ಉಜ್ಜಿ, ಇಲ್ಲವಾದರೆ ತಗಡು ಗಾಜಿನ ಪೆಟ್ಟಿಗೆಗೆ ಹೋಗಲಿ. ಎರಡರಲ್ಲಿ ಒಂದು.

ಅವರು ಹೋದ ಮೇಲೆ ಗೋಡೆಲೀವ್ ಉಜ್ಜುಗೋಲನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಡುತ್ತಾರೆ. ಬೆರಳುದ್ದದ ಹೊಳೆಯುವ ಉಕ್ಕು. ಅದನ್ನು ಮುಟ್ಟದೆ ನೋಡುತ್ತಾ ಕೂತಿರುತ್ತಾರೆ. ಸುಮ್ಮನಿರಲಾರದೆ ಸ್ಟಾಫ್ ತಗಡನ್ನು ಮಗುಚಿ ಹಾಕುತ್ತಾರೆ. “ಇದೇನಿದು, ಹಿಂದ್ಗಡೆ ಸಿಡುಬಿನ ಕಲೆ?”

ತಗಡಿನ ಬೆನ್ನನ್ನು ಇಲ್ಲಿ ಯಾರೂ ನೋಡಿದವರಲ್ಲ. ಒತ್ತಡ ಸಾಲದ ಕಡೆ ಹಿಂದಿನಿಂದ ಒಂದು ಚೂರು ಕಾಗದ ಅಂಟಿಸುವುದು ಅಚ್ಚಿನವರ ಪದ್ಧತಿ. ಹಿಂದಿನವರ ಕಾಗದವನ್ನು ಕೀಳಬಾರದು, ಅದರ ಮೇಲೇ ನಮ್ಮದು ಅಂಟಿಸಬೇಕು ಎಂಬುದೂ ಪದ್ಧತಿ. ಹಾಗೆ ತಲೆಮಾರುಗಳ ಕಾಗದ ಕೂತು ಹಲಗೆಯಂತೆ ಗಟ್ಟಿಯಾಗಿತ್ತು. ಲೇಪ ತೆಗೆಸುವಾಗ ಅದೆಲ್ಲ ನೆನೆದು ಕಳಚಿತು. ಈಗ ಬರಿ ಬೆನ್ನು ಕಾಣುತ್ತಿದೆ, ಅದರ ನಡುವೆ ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟು. ಪೆಟ್ಟುಗಳೆಲ್ಲ ಸೇರಿ ಒಂದು ಮೊಟ್ಟೆಯ ಆಕಾರ. ಒಂದು ಮುಖದಷ್ಟು ದೊಡ್ಡದು.

ಗೋಡೆಲೀವ್ ಎದ್ದು ಬರುತ್ತಾರೆ. “ಕೆತ್ತೋನು ತಪ್ಪು ಮಾಡಿದ್ರೆ ಮುಂದ್ಗಡೆ ಹೆರೆದು ತೆಗೀತಾನೆ. ಹೆರೆದ ಜಾಗ ತಗ್ಗಾಗತ್ತೆ. ಆಗ ಹಿಂದಿನಿಂದ ಸುತ್ತಿಗೇಲಿ ತಟ್ಟಿ ಸಮ ಮಾಡ್ತಾನೆ.”

“ತಲೆ ಗಾತ್ರದ ತಪ್ಪಾ?” ಸ್ಟಾಫ್ ಕೇಳುತ್ತಾರೆ.

ಗೋಡೆಲೀವ್ ವಿವರಿಸುತ್ತಾರೆ. ಆ ಕಾಲದಲ್ಲಿ ಇದು ನಡೆಯುತ್ತಿತ್ತಂತೆ. ಒಬ್ಬ ದೊಡ್ಡ ಮನುಷ್ಯನ ತಗಡು ಹಳತಾದರೆ, ಅಥವಾ ಅವನು ಹಣ ಕೊಡದಿದ್ದರೆ, ಅವನ ತಲೆಯನ್ನು ಮಾತ್ರ ಹೆರೆದು ತೆಗೆದು ಬೇರೆಯವನ ತಲೆ ಕೂರಿಸುವುದು. ಕಸೂತಿ, ಕೈಗವಸು, ಚೌಕಟ್ಟು ಕೆತ್ತುವುದಕ್ಕೆ ತಿಂಗಳುಗಳು ಬೇಕು; ತಲೆಗೆ ಕೆಲವು ವಾರ ಸಾಕು. ಹಾಗಾದರೆ ಈ ಕಿವಿ ಮೊದಲು ಇಲ್ಲಿದ್ದವರದು. ಪೂರ್ತಿ ಹೆರೆಯದೆ ಉಳಿದದ್ದು, ಕಬ್ಬಿಣದ ಲೇಪ ಮುಚ್ಚಿಟ್ಟಿದ್ದದ್ದು.

“ಅಂದ್ರೆ ನಮ್ಮ ಸ್ನೂಕ್ ಬಾಡಿಗೆ ಮೈಯಲ್ಲಿ ಕೂತಿದಾನೆ!” ಸ್ಟಾಫ್ ತೊಡೆ ತಟ್ಟುತ್ತಾರೆ. “ಯಾರ ಮೈ? ಗಂಡೋ ಹೆಣ್ಣೋ? ಆಗ ಗಂಡಸ್ರೂ ಲೋಲಾಕು ಹಾಕ್ತಿದ್ರಂತಲ್ಲ?”

“ಸುಮ್ನಿರೋ. ಇದನ್ನ ಮೆನೀರ್‌ಗೆ ಹೇಗೆ ಹೇಳ್ಲಿ? ಕಿವಿ ಒಂದೇ ಅಂದಿದ್ದೆ, ಈಗ ಮೈಯೂ ಬೇರೆಯೋರ್ದು ಅನ್ಲಾ?” ಎಂದ ಗೋಡೆಲೀವ್ ಮರುಕ್ಷಣವೇ ತಮ್ಮ ಮಾತಿಗೆ ತಾವೇ ಅಡ್ಡ ಬರುತ್ತಾರೆ. “ಇಷ್ಟಕ್ಕೂ ಈ ಪೆಟ್ಟಿಗೂ ಆ ಕಿವಿಗೂ ಸಂಬಂಧ ಇದೆ ಅಂತ ಯಾರ್ ಹೇಳಿದ್ದು? ಪೆಟ್ಟು ಯಾವತ್ತಿಂದೋ ಇರ್ಬಹುದು, ಕಿವಿ ಮಾತ್ರ ನನ್ನ ಕೈಯಿಂದ್ಲೇ ಬಂದಿರ್ಬಹುದು.”

ನನ್ನ ತಲೆಯೂ ಗಿರ್ರೆನ್ನುತ್ತಿದೆ.

ಮಧ್ಯಾಹ್ನ ಗೋಡೆಲೀವ್ ಎರಡನೇ ಪ್ರತಿಯನ್ನು ಹಲಗೆಗಳ ನಡುವೆ ಇಟ್ಟುಕೊಂಡು ಸ್ನೂಕ್ ಅಂಗಳಕ್ಕೆ ಹೊರಡುತ್ತಾರೆ, ಜೊತೆಗೆ ನಾನೂ. ಭಾನುವಾರ ಬರಲಿರುವ ಮದಾಮ್ ಪೆಲಾಜಿ, ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದವರು, ಇವತ್ತು ಪರದೆ ಅಳತೆ ತೆಗೆಯಲು ಬಂದಿರುತ್ತಾರೆ. ನಿಮ್ಮ ಸ್ನೂಕ್ ಸಿಗುವುದು ತಡವಾಗಬಹುದು ಎಂದು ಎದುರಿಗೇ ಹೇಳಿಬಿಡಬೇಕು ಎಂದು ಗೋಡೆಲೀವ್ ಅವರ ಲೆಕ್ಕ. ಅಂಗಳದಲ್ಲಿ ಬಟಾಣಿ ಸೂಪಿನ ವಾಸನೆ. ಹಲಗೆ ಬಿಚ್ಚುವಷ್ಟರಲ್ಲಿ ಪಂಪಿನ ಸುತ್ತ ಅರ್ಧ ಅಂಗಳವೇ ನೆರೆದಿದೆ.

“ಅಯ್ಯೋ, ಇವ್ನಿಗೇನಾಯ್ತು?”

“ಲೋಲಾಕು ನೋಡೇ! ಮುದುಕನಿಗೆ ಈ ವಯಸ್ಸಲ್ಲಿ ಶೋಕಿ.”

“ನಂಗೆ ಕಿವಿ ಇರೋನೇ ಬೇಕಪ್ಪ,” ಎನ್ನುತ್ತಾರೆ ಪೆಲಾಜಿ, ಅಳತೆ ಟೇಪು ಕೊರಳಲ್ಲೇ ಇದೆ. “ಒಂಟಿಯಾಗಿ ಇರ್ಬೇಕು. ಕೇಳಿಸ್ಕೊಳೋರು ಒಬ್ರಾದ್ರೂ ಇರ್ಲಿ.”

“ಅವಳಿಗೆ ಕೊಟ್ರೆ ನಂಗೂ ಕೊಡ್ಬೇಕು,” ಎಂದು ಹಿಂದಿನಿಂದ ಇನ್ನೊಂದು ದನಿ.

ಇಷ್ಟರಲ್ಲಿ ಅಂಗಳದ ಹಿರಿಯಜ್ಜಿ ಮದಾಮ್ ಸಿಡೋನಿ ಕೋಲೂರಿಕೊಂಡು ಬಂದು, ಅಚ್ಚನ್ನು ನೋಡುತ್ತಾರೆ. ನೋಡಿ, ಏನೂ ಆಶ್ಚರ್ಯವಿಲ್ಲದವರಂತೆ ಕೈ ಚಾಚಿ ಕಿವಿಯ ಮೇಲೇ ತೋರುಬೆರಳು ಒತ್ತಿ, ಆ ಬೆರಳನ್ನು ತಮ್ಮ ದವಡೆಗೆ ತಾಗಿಸಿಕೊಳ್ಳುತ್ತಾರೆ.

“ಮದಾಮ್! ಹಸಿ ಮಸಿ!” ಗೋಡೆಲೀವ್ ಚೀರುತ್ತಾರೆ. ಸಿಡೋನಿ ಅವರ ದವಡೆಯ ಮೇಲೆ ಕಪ್ಪು ಚುಕ್ಕೆ.

“ಹಲ್ಲುನೋವು ಕಣಮ್ಮ. ರಾತ್ರಿಯಿಂದ.”

“ಅದಕ್ಕೆ ಇವ್ನನ್ನ ಯಾಕೆ ಮುಟ್ತೀರಿ?”

“ಹಲ್ಲುನೋವಿಗೆ ಸ್ನೂಕ್‌ನ ಕೆನ್ನೆ ಮುಟ್ಬೇಕು. ನಿಂಗೊತ್ತಿಲ್ವಾ? ನಂಗಿಂತ ಮುಂಚೆ ಆ ಮನೇಲಿದ್ದ ಫಿಲೋಮೇನ್ ಹೇಳ್ಕೊಟ್ಟದ್ದು. ಅವಳಿಗೆ ಅವಳ ಹಿಂದಿನೋಳು. ನಂಬಿಕೆ ಇದೆಯಾ ಅಂದ್ರೆ ಇಲ್ಲ. ಡಾಕ್ಟರ ಹತ್ರ ಸೋಮವಾರಕ್ಕೆ ಸಮಯ ತಗೊಂಡಿದೀನಿ. ಅಲ್ಲೀವರೆಗೂ ಇವ್ನು.”

ಗೋಡೆಲೀವ್ ಅಚ್ಚನ್ನು ಪೆಲಾಜಿ ಕೈಗೆ ಕೊಡುತ್ತಾರೆ. ಇಷ್ಟು ವರ್ಷ ಅಚ್ಚು ತಂದುಕೊಟ್ಟು ಹೊರಗಿನಿಂದಲೇ ಹೋದವರು, ಮೊದಲ ಸಲ ಒಂದೊಂದೇ ಮನೆಗೆ ನುಗ್ಗುತ್ತಾರೆ. ಸಿಡೋನಿ ಅವರ ಬಾಗಿಲ ಪಕ್ಕದ ಸ್ನೂಕ್‌ನ ಕೆನ್ನೆಯಲ್ಲಿ ಬೆರಳ ಜಿಡ್ಡಿನ ಕಂದು ಕಲೆ. ಪಕ್ಕದ ಮನೆಯಲ್ಲಿ, ಅದೇ ಜಾಗದಲ್ಲಿ, ಕಲೆ. ಅದರಾಚೆಯ ಮನೆಯಲ್ಲೂ ಅಷ್ಟೇ. ಇವೆಲ್ಲ ಗೋಡೆಲೀವ್ ಕೈಯಿಂದಲೇ ಬಂದ ಅಚ್ಚುಗಳು, ಕೆನ್ನೆ ನುಣ್ಣಗಿದ್ದವು, ಕಿವಿಯ ಸುಳಿವೂ ಇರಲಿಲ್ಲ. ಆದರೂ ಎಲ್ಲರ ಬೆರಳೂ ಒಂದೇ ಕಡೆ ಹೋಗಿ ಕೂತಿದೆ.

“ಯಾಕೆ ಅಲ್ಲೇ? ಹಣೆ ಯಾಕಲ್ಲ? ಗದ್ದ ಯಾಕಲ್ಲ?”

“ಅಲ್ಲಿ ಊತ ಇದೆಯಂತೆ. ಅವ್ನಿಗೂ ಹಲ್ಲುನೋವು ಇತ್ತಂತೆ,” ಎನ್ನುತ್ತಾರೆ ಸಿಡೋನಿ. “ಬಟ್ಟೆ ಒಗೆಯೋ ಕೋಣೇಲಿ ಹಳೇದೊಂದಿದೆ. ಎಲ್ಲಕ್ಕಿಂತ ಹಳೇದು. ಬೇಕಾದ್ರೆ ನೋಡು.”

ಎಲ್ಲರೂ ಬಟ್ಟೆ ಕೋಣೆಗೆ ಓಡುತ್ತೇವೆ. ಸೋಪಿನ ಹಬೆಯಲ್ಲಿ ತೇವ ಹಿಡಿದ ಗೋಡೆಯ ಮೇಲೆ, ಚಹಾದ ಬಣ್ಣಕ್ಕೆ ತಿರುಗಿದ ಸ್ನೂಕ್. ಲೇಪ ಬರುವುದಕ್ಕೂ ಮುಂಚಿನ ಅಚ್ಚಿರಬೇಕು. ಗೆರೆಗಳು ನಿನ್ನೆ ಕೆತ್ತಿದಷ್ಟು ಚೂಪು. ಈಗ ಗೊತ್ತಾಗಿಬಿಡುತ್ತದೆ, ಕಿವಿ ಮೊದಲಿನಿಂದ ಇತ್ತೋ ಇಲ್ಲವೋ! ಪೆಲಾಜಿ ಸ್ಟೂಲು ಹತ್ತಿ ಅದನ್ನು ಇಳಿಸುತ್ತಾರೆ, ಗೋಡೆಲೀವ್ ಕಿಟಕಿಗೆ ಹಿಡಿಯುತ್ತಾರೆ.

ಕೆನ್ನೆ ಇರಬೇಕಾದ ಕಡೆಯಿಂದ ಬೆಳಕು ತೂರಿ ಬರುತ್ತಿದೆ. ಎಷ್ಟು ತಲೆಮಾರುಗಳ ಹಲ್ಲುನೋವೋ, ಮುಟ್ಟಿ ಮುಟ್ಟಿ ಕಾಗದವೇ ಸವೆದು ಹೋಗಿದೆ. ಸರಿಯಾಗಿ ಕಿವಿಯ ಜಾಗದಲ್ಲಿ, ಕಿವಿಯಷ್ಟೇ ಗಾತ್ರದ ತೂತು.

“ಇತ್ತು ಅಂತಾನಾ, ಇರ್ಲಿಲ್ಲ ಅಂತಾನಾ?” ಪೆಲಾಜಿ ಕೇಳುತ್ತಾರೆ. ಯಾರಿಗೆ ಗೊತ್ತು? ಒಬ್ಬರು ಇತ್ತು ಎನ್ನುತ್ತಾರೆ, ಒಬ್ಬರು ಇಲಿ ತಿಂದಿದೆ ಎನ್ನುತ್ತಾರೆ. ಗದ್ದಲವೋ ಗದ್ದಲ.

ಗೋಡೆಲೀವ್ ತೂತನ್ನು ನೋಡುತ್ತಿಲ್ಲ, ತಮ್ಮ ಬಲ ಅಂಗೈಯನ್ನು ನೋಡುತ್ತಿದ್ದಾರೆ. ಗಾಳಿಯಲ್ಲಿ, ಇಲ್ಲದ ತಗಡಿನ ಮೇಲೆ, ಅದನ್ನು ಜಾರಿಸುತ್ತಾರೆ. ಹಣೆ, ಮೂಗು, ಆಮೇಲೆ ಕೈ ತಾನಾಗಿ ನಿಧಾನವಾಗುತ್ತದೆ.

“ಕೆನ್ನೆ ಹತ್ರ ಹಗುರ, ಎರಡು ಸಲ,” ಎನ್ನುತ್ತಾರೆ ಮೆಲ್ಲಗೆ. “ಮದಾಮ್ ಒಡೀಲ್ ಮೊದಲ್ನೇ ದಿನ ಹೇಳಿದ್ದು. ಜೋರಾಗಿ ಒರೆಸಿದ್ರೆ ಅಲ್ಲಿ ಮಸಿ ನಿಲ್ಲತ್ತೆ, ಹಗುರ ಮಾಡು ಅಂತ. ಅಲ್ಲಿ ತಗಡು ಒಂಚೂರು ತಗ್ಗಿದೆ, ಕಾಗದದಲ್ಲಿ ಅದೇ ಊತ. ಕೈಗೆ ಗೊತ್ತಾಗತ್ತೆ, ಕಣ್ಣಿಗೆ ಗೊತ್ತಾಗಲ್ಲ. ನಾನು ದಿನಾ ಹಾಗೇ ಮಾಡ್ತೀನಿ. ಯಾಕೆ ತಗ್ಗಿದೆ ಅಂತ ಒಂದ್ಸಲ ಆದ್ರೂ ಕೇಳ್ಕೊಂಡೆನಾ? ಇಲ್ಲ. ದೊಡ್ಡ ಮನುಷ್ಯರ ಕೆನ್ನೆ ಹಾಗೇ ಇರತ್ತೇನೋ ಅನ್ಕೊಂಡಿದ್ದೆ.”

“ಹಾಗಾದ್ರೆ ನೀನು ಕೆಡಿಸಿಲ್ಲ,” ಎನ್ನುತ್ತಾರೆ ಸಿಡೋನಿ, ದವಡೆಯ ಮಸಿಯನ್ನು ಇನ್ನಷ್ಟು ಹರಡಿಕೊಳ್ಳುತ್ತ.

“ತಗ್ಗು ನಾನು ಮಾಡಿಲ್ಲ. ಕಿವಿ... ಕಿವಿ ಯಾರ್ದು ಅಂತ ಈಗ್ಲೂ ಗೊತ್ತಿಲ್ವಲ್ಲ ಮದಾಮ್.”

ಐದು ಗಂಟೆಗೆ ಅಚ್ಚಿನ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಗೋಡೆಲೀವ್ ನಾಳೆಗೆಂದು ಕಾಗದ ನೆನೆಸುತ್ತಿದ್ದಾರೆ, ಎರಡೂ ಕೈ ನೀರಲ್ಲಿ. ನಾನು ಎತ್ತಿ ಅವರ ಬಾಯಿಯ ಹತ್ತಿರ ಹಿಡಿಯುತ್ತೇನೆ. ಸ್ಟಾಫ್ ಚಕ್ರಕ್ಕೆ ಒರಗಿ ನಿಂತಿದ್ದಾರೆ. ಉಜ್ಜುಗೋಲು ಬೆಳಿಗ್ಗೆ ಇಟ್ಟಲ್ಲೇ ಇದೆ.

“ಮದಾಮ್, ಎಲ್ಲರ ಜೊತೆ ಮಾತಾಡಿದೆ,” ಮೆನೀರ್ ಕಾಸಿಯರ್ಸ್ ದನಿ ದಣಿದಿದೆ. “ಉಜ್ಜಿಬಿಡಿ ಅಂತಾರೆ. ಆಗಲ್ಲ ಅಂದ್ರೆ ಸೋಮವಾರ ಪೆಟ್ಟಿಗೆ ಮಾಡೋರು ಬರ್ತಾರೆ.”

“ತೀರ್ಮಾನ ನಿಮ್ಮದೇ, ಮೆನೀರ್. ಆದ್ರೆ ಫೋನಲ್ಲಿ ಬೇಡ. ನಾಳೆ ಬೆಳಿಗ್ಗೆ ಬನ್ನಿ. ತಗಡಿನ ಬೆನ್ನು ತೋರಿಸ್ತೀನಿ, ಅದೂ ನಿಮಗೆ ಇಷ್ಟ ಆಗಲ್ಲ. ಆಮೇಲೆ ಮಸಿ ನಾನು ಹಚ್ತೀನಿ. ಒರೆಸೋದು ಮಾತ್ರ ನೀವು.”

“ನಾನಾ? ನಾನು ನೋಟರಿ, ಮದಾಮ್.”

“ಅಂಗೈ ಇದೆಯಲ್ಲ, ಸಾಕು. ಕೆನ್ನೆ ಹತ್ರ ಬಂದಾಗ ಕೈಗೆ ಏನು ಸಿಗತ್ತೆ ನೋಡಿ. ಅದು ನನ್ನ ಕಾಲದ್ದಾ, ಸ್ನೂಕ್ ಕಾಲದ್ದಾ, ನೀವೇ ಹೇಳಿ. ಆಗ್ಲೂ ಉಜ್ಜು ಅಂದ್ರೆ ನಿಮ್ಮ ಎದುರಿಗೇ ಉಜ್ತೀನಿ.”

ಸ್ಟಾಫ್ ಕೈಸನ್ನೆಯಲ್ಲೇ ‘ಹೋದ್ನಾ?’ ಎಂದು ಕೇಳುತ್ತಾರೆ.

“ಎಷ್ಟೊತ್ತಿಗೆ?” ಎಂದು ಮೆನೀರ್ ಕೇಳುವುದು ಕೊನೆಗೂ ಕೇಳಿಸುತ್ತದೆ.

“ಏಳಕ್ಕೆ.”

“ಎಂಟಕ್ಕೆ ಆಗಲ್ವಾ? ನಾಳೆ ಶನಿವಾರ.”

“ಏಳಕ್ಕೇ ಬನ್ನಿ. ಅಂಗಳದ ಹೆಂಗಸ್ರು ಎಂಟಕ್ಕೆ ಬರ್ತಾರೆ. ಅವರು ಬಂದ್ರೆ ನಿಮಗೆ ತಗಡು ಕೈಗೆ ಸಿಗಲ್ಲ.”

“ಸರಿ. ಏಳಕ್ಕೆ.”

“ಉಂಗುರ ಮನೇಲಿ ತೆಗೆದಿಟ್ಟು ಬನ್ನಿ, ಮೆನೀರ್,” ಎಂದು ಗೋಡೆಲೀವ್ ಒದ್ದೆ ಕಾಗದವನ್ನು ನೀರಿನಿಂದ ಎತ್ತುತ್ತಾರೆ. “ಮತ್ತೆ ಇವತ್ತು ರಾತ್ರಿ ಕೈಗೆ ಆ ಕ್ರೀಮ್ ಹಚ್ಕೋಬೇಡಿ.”